ಜೇಬಿನ ಚಿಲ್ಲರೆಯಿಂದ ನಾಣ್ಯ ಸಂಗ್ರಹ: ಮನೆಯಲ್ಲೇ ಶುರು ಮಾಡುವುದು ಹೇಗೆ?

ಇವತ್ತು ರಾತ್ರಿ ಊಟ ಆದಮೇಲೆ ಒಂದು ಕೆಲಸ ಮಾಡಿ. ಪರ್ಸು, ಅಂಗಿ ಜೇಬು, ದೇವರ ಮನೆಯ ತಟ್ಟೆ, ಅಡುಗೆಮನೆಯ ಸಾಸಿವೆ ಡಬ್ಬಿ, ಗಾಡಿಯ ಡಿಕ್ಕಿ, ಹೀಗೆ ಎಲ್ಲೆಲ್ಲಿ ಚಿಲ್ಲರೆ ಬಿದ್ದಿದೆಯೋ ಅಷ್ಟನ್ನೂ ತಂದು ಒಂದು ಟವೆಲ್ ಮೇಲೆ ಸುರಿಯಿರಿ. ಸೊಪ್ಪಿನವರಿಗೂ ಹಾಲಿನವರಿಗೂ ಫೋನಲ್ಲೇ ದುಡ್ಡು ಕಳಿಸುವ ಕಾಲ ಇದು. ಆದರೂ ಒಂದು ಮನೆಯಲ್ಲಿ ನಲವತ್ತು ಐವತ್ತು ನಾಣ್ಯಕ್ಕೇನೂ ಮೋಸವಿಲ್ಲ. ಅದರಲ್ಲಿ ಒಂದು ರೂಪಾಯಿಯವನ್ನು ಮಾತ್ರ ಬೇರೆ ಮಾಡಿ ಸಾಲಾಗಿ ಇಡಿ. ಒಂದು ದೊಡ್ಡದು, ಒಂದು ಚಿಕ್ಕದು. ಒಂದರ ಮೇಲೆ ತೆನೆ, ಇನ್ನೊಂದರ ಮೇಲೆ ಹೆಬ್ಬೆರಳು ಎತ್ತಿದ ಕೈ. ಒಂದರಲ್ಲಿ ₹ ಗುರುತು ಇದೆ, ಪಕ್ಕದ್ದರಲ್ಲಿ ಇಲ್ಲ. ಬೆಲೆ ಮಾತ್ರ ಎಲ್ಲಕ್ಕೂ ಒಂದೇ. ದಿನಾ ಕೈಯಲ್ಲಿ ಓಡಾಡಿದರೂ ನಾವು ಇವನ್ನು ನೋಡಿಯೇ ಇರುವುದಿಲ್ಲ, ಅಲ್ವಾ?

ನಾಣ್ಯ ಸಂಗ್ರಹ ಅಂದ ಕೂಡಲೇ ಜನರಿಗೆ ವರಾಹ, ಹೊನ್ನು, ಲಕ್ಷಗಟ್ಟಲೆ ಬೆಲೆ ನೆನಪಾಗುತ್ತದೆ. ದುಡ್ಡಿದ್ದವರ ಹವ್ಯಾಸ ಅಂದುಕೊಂಡು ದೂರ ಉಳಿಯುತ್ತಾರೆ. ನನಗೆ ಇದು ಹತ್ತಿರವಾಗಿದ್ದು ಬೇರೆ ಕಾರಣಕ್ಕೆ. ಕೈಗೆ ಬಂದ ಚಿಲ್ಲರೆಯನ್ನು ತಿರುಗಿಸಿ ಓದುವ ಅಭ್ಯಾಸ ಬಂದಮೇಲೆ ಅಂಗಡಿಗೆ ಹೋಗುವುದು, ಬಸ್ಸು ಹತ್ತುವುದು, ಟಿಕೆಟ್ ಚಿಲ್ಲರೆ ತಗೊಳ್ಳುವುದು, ಎಲ್ಲದರಲ್ಲೂ ಒಂದು ಖುಷಿ ಸೇರಿಕೊಂಡಿದೆ. ಇದಕ್ಕೆ ಬೇಕಾದ್ದು ಕಣ್ಣು, ತಾಳ್ಮೆ, ಒಂದು ನೋಟ್ ಪುಸ್ತಕ. ನಾನು ಕಲಿತದ್ದನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಮನೆಯ ಹಿರಿಯರನ್ನು ಕೇಳಿ

ಅಂಗಡಿಗೆ ಹೋಗಿ ಕೊಳ್ಳುವ ಮುಂಚೆ ಮನೆಯನ್ನೇ ಹುಡುಕಿ. ಹಳೇ ನಾಣ್ಯ ಇರುವ ಜಾಗಗಳು ಬಹುತೇಕ ಎಲ್ಲ ಮನೆಯಲ್ಲೂ ಒಂದೇ. ಅಜ್ಜಿಯ ಟ್ರಂಕು, ದೇವರ ಮುಂದಿನ ಲಕ್ಷ್ಮೀ ಕಲಶ, ಹರಕೆಗೆ ಕಟ್ಟಿಟ್ಟು ಮರೆತ ಮುಡಿಪು, ಮಕ್ಕಳ ಗೋಲಕ, ಹೊಲಿಗೆ ಮೆಷಿನ್ನಿನ ಡ್ರಾಯರು. ಮುಡಿಪು ಬಿಚ್ಚುವ ಮುಂಚೆ ಮನೆಯವರ ಒಪ್ಪಿಗೆ ತಗೊಳ್ಳಿ. ಅದು ದೇವರಿಗೆ ಅಂತ ಎತ್ತಿಟ್ಟ ದುಡ್ಡು.

ನನಗೆ ಮೊದಲ ನಾಣ್ಯ ಸಿಕ್ಕಿದ್ದು ನಮ್ಮಜ್ಜಿಯ ಎಲೆ ಅಡಿಕೆ ಸಂಚಿಯಲ್ಲಿ. ಒಳಜೇಬಿನಲ್ಲಿ ಅಡಿಕೆ ಚೂರು, ಸುಣ್ಣದ ಡಬ್ಬಿ, ಅದರಡಿಯಲ್ಲಿ ನಡುವೆ ದೊಡ್ಡ ತೂತಿರುವ ಒಂದು ತಾಮ್ರದ ಕಾಸು. ವಾಷರ್ ಅಂದುಕೊಂಡಿದ್ದೆ. ಅಜ್ಜಿ ಹೇಳಿದರು, "ಅದು ತೂತಿನ ಕಾಸು ಕಣೋ. ನಿಮ್ಮಪ್ಪನ ಉಡಿದಾರಕ್ಕೆ ಕಟ್ಟಿದ್ದೆ." ಅದು 1943ರಿಂದ 1947ರವರೆಗೆ ಹೊರಬಂದ ಒಂದು ಪೈಸೆ ಅಂತ ಆಮೇಲೆ ತಿಳಿಯಿತು. ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂದಾಗ ತಾಮ್ರ ಉಳಿಸಲು ನಡುವೆ ತೂತು ಮಾಡಿದ್ದರು. ಯುದ್ಧ ಎಲ್ಲೋ ಆಗಿತ್ತು, ಅದರ ತೂತು ನಮ್ಮಪ್ಪನ ಸೊಂಟದಲ್ಲಿ ನೇತಾಡಿತ್ತು.

ಹಾಗಾಗಿ ಹಿರಿಯರಿಂದ ನಾಣ್ಯದ ಜತೆ ಮಾತನ್ನೂ ಇಸಿದುಕೊಳ್ಳಿ. ನಾಲ್ಕಾಣೆಗೆ ಆಗ ಏನು ಬರುತ್ತಿತ್ತು, ಹೊಸ ಪೈಸೆ ಬಂದಾಗ ಸಂತೆಯಲ್ಲಿ ಲೆಕ್ಕ ಹೇಗೆ ಮಾಡುತ್ತಿದ್ದರು, ಇದನ್ನೆಲ್ಲ ಕೇಳಿ. ಒಂದು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಇದ್ದ ಲೆಕ್ಕ 1957ರ ಏಪ್ರಿಲ್ 1ರಂದು 100 ನಯಾ ಪೈಸೆ ಆಯಿತು. 1964ರಲ್ಲಿ 'ನಯಾ' ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. ಆಣೆ ಹೋಗಿ ಇಷ್ಟು ವರ್ಷವಾದರೂ 'ಹದಿನಾರಾಣೆ ಸತ್ಯ' ಅನ್ನುವುದನ್ನು ನಾವು ಬಿಟ್ಟಿಲ್ಲ. 50 ಪೈಸೆಗೆ ಈಗಲೂ ಎಂಟಾಣೆ ಅಂತಲೇ ಹೇಳುತ್ತೇವೆ.

ಹೆಜ್ಜೆ 2: ಒಂದು ಗಡಿ ಹಾಕಿಕೊಳ್ಳಿ

ಹೊಸಬರು ಸೋಲುವುದು ಇಲ್ಲೇ. ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ಹಾಕುತ್ತಾ ಹೋದರೆ ಆರು ತಿಂಗಳಲ್ಲಿ ಡಬ್ಬಿ ಭಾರ ಆಗುತ್ತದೆ, ಆಸಕ್ತಿ ಹಗುರ ಆಗುತ್ತದೆ. ಮುಗಿಸಬಹುದಾದ ಒಂದು ಸಣ್ಣ ಗುರಿ ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಮೊದಲ ಗುರಿಯಾಗಿ ಪೈಸೆಗಳ ಸಂಸಾರ ಸೇರಿಸಿ. ಒಂದು, ಎರಡು, ಮೂರು, ಐದು, ಹತ್ತು, ಇಪ್ಪತ್ತು, ಇಪ್ಪತ್ತೈದು, ಐವತ್ತು. ಬರೀ ಎಂಟು ನಾಣ್ಯ. ಆದರೆ ಆಕಾರ ನೋಡಿ. ಒಂದು ಪೈಸೆ ಚೌಕ. ಎರಡು ಪೈಸೆಗೆ ಹೂವಿನ ಹಾಗೆ ಅಲೆ ಅಲೆಯಾದ ಅಂಚು. ಮೂರು ಪೈಸೆಗೆ ಆರು ಮೂಲೆ. ಐದು ಪೈಸೆ ಮತ್ತೆ ಚೌಕ, ಮೂಲೆ ಮಾತ್ರ ದುಂಡಗೆ. ಹತ್ತು ಪೈಸೆಗೆ ಮತ್ತೆ ಅಲೆ. ಇಪ್ಪತ್ತು ಪೈಸೆ ಮೊದಲು ಬಂದದ್ದು ಹಿತ್ತಾಳೆ ಬಣ್ಣದಲ್ಲಿ, ಕಮಲದ ಹೂವಿನ ಜತೆ. ಆಮೇಲೆ ಅಲ್ಯೂಮಿನಿಯಂನಲ್ಲಿ ಆರು ಮೂಲೆಯದು ಬಂತು. ಕತ್ತಲಲ್ಲಿ ಕೈಯಾಡಿಸಿದರೂ ಯಾವುದು ಎಷ್ಟು ಅಂತ ಗೊತ್ತಾಗುತ್ತಿತ್ತು. ಅಕ್ಷರ ಬಾರದವರೂ ಮೋಸ ಹೋಗುತ್ತಿರಲಿಲ್ಲ. ಸ್ಟೀಲಿನ 25 ಪೈಸೆ ಮೇಲಿನ ಘೇಂಡಾಮೃಗ ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ. ಹಾಗಾಗಿ ಅವು ಈಗ ಅಂಗಡಿ ಗಲ್ಲಾದಲ್ಲಿ ಸಿಗುವುದಿಲ್ಲ, ಮನೆಗಳಲ್ಲೇ ಇವೆ. ನೆಂಟರಿಷ್ಟರನ್ನು ಕೇಳಿದರೆ ಆರೋ ಏಳೋ ಬಂದೇ ಬರುತ್ತವೆ. ಮೂರು ಪೈಸೆ ಮಾತ್ರ ಸ್ವಲ್ಪ ಸತಾಯಿಸುತ್ತದೆ.

ಎರಡನೇ ಗುರಿ, ಒಂದೇ ಬೆಲೆಯ ನಾಣ್ಯದ ಎಲ್ಲ ಇಸವಿಗಳು. ಉದಾಹರಣೆಗೆ 1992ರಿಂದ 2004ರವರೆಗಿನ ತೆನೆ ಗುರುತಿನ ಸ್ಟೀಲ್ ರೂಪಾಯಿ. ಇದು ಈಗಲೂ ಚಿಲ್ಲರೆಯಲ್ಲಿ ಬರುತ್ತದೆ, ಒಂದಕ್ಕೆ ಒಂದೇ ರೂಪಾಯಿ ಖರ್ಚು.

ಮೂರನೆಯದು ಸ್ಮರಣಾರ್ಥ ನಾಣ್ಯಗಳು. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ, ನೆಹರೂ ಅವರ ಮುಖದೊಂದಿಗೆ. ಆಮೇಲೆ ಗಾಂಧೀಜಿ, ಅಂಬೇಡ್ಕರ್, ಸುಭಾಷ್ ಚಂದ್ರ ಬೋಸ್, ಸಂತ ಜ್ಞಾನೇಶ್ವರ, ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷ, ಸಾಲು ದೊಡ್ಡದಿದೆ. 2006ರಲ್ಲಿ ಬಸವೇಶ್ವರರ 5 ರೂಪಾಯಿ ಬಂತು. ಅದನ್ನು ನೀವು ಎಷ್ಟೋ ಸಲ ಖರ್ಚು ಮಾಡಿರುತ್ತೀರಿ. ಇನ್ನು ಮೇಲೆ ಐದರ ನಾಣ್ಯ ಬಂದಾಗ ಒಮ್ಮೆ ತಿರುಗಿಸಿ ನೋಡಿ.

ಹೆಜ್ಜೆ 3: ಇಸವಿಯ ಕೆಳಗೆ ನೋಡುವುದನ್ನು ಕಲಿಯಿರಿ

ಇಡೀ ಹವ್ಯಾಸದ ಜೀವ ಇರುವುದು ಇಲ್ಲಿ. ನಾಣ್ಯದ ಮೇಲೆ ಅಚ್ಚಾದ ಇಸವಿಯ ಕೆಳಗೆ ಅಥವಾ ಪಕ್ಕದಲ್ಲಿ ಸಾಸಿವೆಗಿಂತ ಚಿಕ್ಕ ಗುರುತು ಇರುತ್ತದೆ. ಆ ನಾಣ್ಯ ಯಾವ ಟಂಕಸಾಲೆಯಲ್ಲಿ ಹುಟ್ಟಿತು ಅಂತ ಅದು ಹೇಳುತ್ತದೆ. ಭಾರತದಲ್ಲಿ ಈಗ ನಾಲ್ಕು ಟಂಕಸಾಲೆಗಳಿವೆ. ವಜ್ರದಾಕಾರ, ಅಂದರೆ ಇಸ್ಪೀಟಿನ ಡೈಮಂಡಿನಂಥದ್ದು ಇದ್ದರೆ ಮುಂಬಯಿ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆಯ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ.

ನೋಡುವ ವಿಧಾನ ಹೀಗೆ. ಕಿಟಕಿ ಪಕ್ಕ ಕೂತು ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ನೇರವಾಗಿ ನೋಡಬೇಡಿ, ಬೆಳಕು ಓರೆಯಾಗಿ ಬೀಳುವ ಹಾಗೆ ನಿಧಾನವಾಗಿ ವಾಲಿಸಿ. ಆಗ ಗುರುತಿನ ನೆರಳು ಏಳುತ್ತದೆ. ಸವೆದ ನಾಣ್ಯದಲ್ಲಿ ನಕ್ಷತ್ರವೂ ಚುಕ್ಕೆಯ ಹಾಗೇ ಕಾಣುತ್ತದೆ. ಅನುಮಾನ ಬಂದರೆ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಚುಕ್ಕೆಯ ಸುತ್ತ ಮೊನೆಗಳ ಉಳಿಕೆ ಇದೆಯಾ ಅಂತ ಗಮನಿಸಿ. ಇಸವಿಯೂ ಸಹಾಯ ಮಾಡುತ್ತದೆ. ನೋಯ್ಡಾ ಟಂಕಸಾಲೆ ಶುರುವಾದದ್ದೇ 1988ರಲ್ಲಿ. ಹಾಗಾಗಿ ಅದಕ್ಕಿಂತ ಹಳೇ ನಾಣ್ಯದಲ್ಲಿ ಚುಕ್ಕೆ ಕಂಡರೆ ಅದು ನೋಯ್ಡಾ ಆಗಿರಲು ಸಾಧ್ಯವಿಲ್ಲ.

ಕೆಲವು ನಾಣ್ಯಗಳಲ್ಲಿ ಈ ನಾಲ್ಕರಲ್ಲಿ ಯಾವುದೂ ಅಲ್ಲದ ಗುರುತು ಸಿಗುತ್ತದೆ. ಆಗ ನಿಮ್ಮ ದಿನ ಚೆನ್ನಾಗಿದೆ ಅಂತ ಅರ್ಥ! ಚಿಲ್ಲರೆ ಸಾಲದೆ ಬಂದ ಕಾಲಗಳಲ್ಲಿ ಸರ್ಕಾರ ಹೊರದೇಶದಲ್ಲೂ ನಾಣ್ಯ ಮಾಡಿಸಿತ್ತು. 1985ರ ರೂಪಾಯಿಯಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ 'ಎಚ್' ಇದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾದದ್ದು. 1998ರ ರೂಪಾಯಿಯಲ್ಲಿ 'ಎಂಕೆ' ಇದ್ದರೆ ಸ್ಲೊವಾಕಿಯಾದ ಕ್ರೆಮ್ನಿಟ್ಸಾ ಊರಿನದು. 1999ರ ಕೆಲವು 5 ರೂಪಾಯಿಗಳು ಮಾಸ್ಕೋದಿಂದ ಬಂದವು. ನನಗೆ 'ಎಂಕೆ' ಸಿಕ್ಕಿದ್ದು ಮದುವೆ ಮುಯ್ಯಿ ಕವರಿಗೆ ಅಂಟಿಸಿದ್ದ ಒಂದು ರೂಪಾಯಿಯಲ್ಲಿ. ಸ್ಲೊವಾಕಿಯಾದ ಬೆಟ್ಟದೂರಿನಲ್ಲಿ ಅಚ್ಚಾಗಿ, ಹಡಗು ಹತ್ತಿ ಬಂದು, ಎಷ್ಟೋ ಗಲ್ಲಾ ಸುತ್ತಿ ನೂರೊಂದರ 'ಒಂದು' ಆಗಿ ನನ್ನ ಕೈಗೆ ಬಂದಿತ್ತು.

ಗುರುತು ಓದಲು ಬಂದಮೇಲೆ ವಿನ್ಯಾಸದ ಕಾಲಮಾನ ತಿಳಿಯಿರಿ. ತೆನೆಯ ರೂಪಾಯಿ ಆದಮೇಲೆ 2005ರ ಸುಮಾರಿಗೆ ಅಡ್ಡಗೆರೆ ಉದ್ದಗೆರೆ ಕೂಡುವ ವಿನ್ಯಾಸ ಬಂತು. 2007ರಿಂದ ಹಸ್ತಮುದ್ರೆ ಬಂತು. ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು, 50 ಪೈಸೆಗೆ ಮುಷ್ಟಿ. 2011ರಿಂದ ₹ ಗುರುತು. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನ ಇರುವ ಸರಣಿ 2022ರಲ್ಲಿ ಬಂತು. 20 ರೂಪಾಯಿ ನಾಣ್ಯಕ್ಕೆ ಹನ್ನೆರಡು ಬದಿ, ತೂಕ 8.54 ಗ್ರಾಂ. ಹಳೇ 2 ರೂಪಾಯಿಗೆ ಹನ್ನೊಂದು ಬದಿ, ಬೇಕಾದರೆ ಎಣಿಸಿ ನೋಡಿ.

ಹೆಜ್ಜೆ 4: ನಾಲ್ಕು ಸಾಮಾನು ಸಾಕು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಭೂತಗನ್ನಡಿ. ಗ್ರಾಮಿನ ನೂರರ ಒಂದು ಪಾಲನ್ನೂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ. ಒಂದು ಸ್ಕೇಲು. ಒಂದು ಮ್ಯಾಗ್ನೆಟ್ಟು, ಅದು ಹಳೇ ಸ್ಪೀಕರಿನದಾದರೂ ಆದೀತು.

ಮ್ಯಾಗ್ನೆಟ್ಟಿನಿಂದ ಏನು ಉಪಯೋಗ ಅಂತ ಕೇಳಬಹುದು. ನಿಮ್ಮ ಹತ್ತಿರ ಇರುವ 5 ರೂಪಾಯಿಗಳನ್ನೇ ತಗೊಳ್ಳಿ. ಹಳೇ ದಪ್ಪ ಬಿಳೀ ನಾಣ್ಯ ತಾಮ್ರ ನಿಕ್ಕಲ್ ಮಿಶ್ರಣದ್ದು, 9 ಗ್ರಾಂ, ಅಂಟುವುದಿಲ್ಲ. 2007ರಿಂದ ಬಂದ ತೆಳ್ಳನೆಯದು ಸ್ಟೀಲ್, ಟಕ್ ಅಂತ ಅಂಟುತ್ತದೆ. ಈಗಿನ ಹಳದಿ ಬಣ್ಣದ್ದು ನಿಕ್ಕಲ್ ಸೇರಿದ ಹಿತ್ತಾಳೆ, 6ರಿಂದ 7 ಗ್ರಾಂ ಒಳಗೆ, ಮತ್ತೆ ಅಂಟುವುದಿಲ್ಲ. ರೂಪಾಯಿಯೂ ಹೀಗೇ ಇಳಿಯುತ್ತಾ ಬಂದಿದೆ. 1975ರದು 8 ಗ್ರಾಂ, 1983ರ ನಂತರದ್ದು 6 ಗ್ರಾಂ, 1992ರ ಸ್ಟೀಲಿನದು 4.85 ಗ್ರಾಂ, 2011ರದು 3.79 ಗ್ರಾಂ. ಮಕ್ಕಳ ಕೈಗೆ ತಕ್ಕಡಿ ಕೊಟ್ಟು ಇವನ್ನು ತೂಗಿಸಿ. ನನ್ನ ಮಗಳು ತಾನೇ ಒಂದು ಗ್ರಾಫ್ ಬರೆದು ಗೋಡೆಗೆ ಅಂಟಿಸಿದಳು. ಬೆಲೆ ಏರಿಕೆ ಅಂದರೇನು ಅಂತ ನಾನು ಅವಳಿಗೆ ಬೇರೆ ವಿವರಿಸಬೇಕಾಗಲಿಲ್ಲ.

ಹೆಜ್ಜೆ 5: ತೊಳೆಯಬೇಡಿ

ಇದನ್ನು ಕಲಿಯಲು ನಾನು ಬೆಲೆ ತೆತ್ತಿದ್ದೇನೆ. ಅಜ್ಜಿಯ ತೂತಿನ ಕಾಸು ಕಂದು ಬಣ್ಣಕ್ಕೆ ತಿರುಗಿತ್ತು. ನಾಗರ ಪಂಚಮಿಗೆ ಮನೆಯಲ್ಲಿ ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದರು. ಅದೇ ಹುಣಸೆಯ ರಸದಲ್ಲಿ ಕಾಸನ್ನೂ ಅದ್ದಿ ಬೂದಿ ಹಾಕಿ ಉಜ್ಜಿದೆ. ಎರಡೇ ನಿಮಿಷ. ಕಂದು ಬಣ್ಣವೆಲ್ಲ ಕರಗಿ ಹಸಿ ಮಾಂಸದಂಥ ಗುಲಾಬಿ ತಾಮ್ರ ಹೊರಬಂತು. ಹೊಳೆಯುತ್ತಿದೆ ಅಂತ ಕುಣಿದೆ. ಒಂದು ವಾರಕ್ಕೆ ಅದರ ಮೇಲೆ ಕಪ್ಪು ಕಲೆ ಎದ್ದವು. ಬೂದಿಯಿಂದ ಉಜ್ಜಿದ ಗೀರುಗಳು ಭೂತಗನ್ನಡಿಯಲ್ಲಿ ಈಗಲೂ ಕಾಣುತ್ತವೆ. ಅರುವತ್ತು ವರ್ಷ ಜನರ ಕೈಯಲ್ಲಿ ಓಡಾಡಿ ಬಂದ ಬಣ್ಣ ಅದು. ಅದನ್ನು ಮತ್ತೆ ತರಿಸಲು ಯಾರಿಂದಲೂ ಆಗುವುದಿಲ್ಲ.

ಆ ಕಂದು ಪದರ ಕೊಳೆಯಲ್ಲ. ತಾಮ್ರ ಗಾಳಿಯ ಜತೆ ಸೇರಿ ತನ್ನ ಮೇಲೆ ತಾನೇ ಹೊದ್ದುಕೊಂಡ ಚರ್ಮ ಅದು, ಒಳಗಿನ ಲೋಹವನ್ನು ಕಾಯುತ್ತದೆ. ಹುಣಸೆ, ನಿಂಬೆ, ಟೂತ್‌ಪೇಸ್ಟ್, ಸೋಡಾ, ಪಾತ್ರೆ ಪುಡಿ, ಬೆಳ್ಳಿ ಹೊಳಪಿಸುವ ದ್ರಾವಣ, ಯಾವುದೂ ಬೇಡ. ತಿಳಿದವರು ತೊಳೆದ ನಾಣ್ಯವನ್ನು ದೂರದಿಂದಲೇ ಗುರುತು ಹಿಡಿದು ಪಕ್ಕಕ್ಕೆ ಇಡುತ್ತಾರೆ.

ಹಾಗಾದರೆ ಕುಂಕುಮ, ಗೋಂದು, ಎಣ್ಣೆ ಮೆತ್ತಿಕೊಂಡ ನಾಣ್ಯಕ್ಕೆ ಏನು ಮಾಡುವುದು? ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಮೆದು ಸೋಪು ಹಾಕಿ ಒಂದೆರಡು ಗಂಟೆ ನೆನೆಹಾಕಿ. ಉಜ್ಜಬೇಡಿ, ನೀರಲ್ಲಿ ಅಲ್ಲಾಡಿಸಿ ಅಷ್ಟೆ. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಮ್ಮೆ ಮುಳುಗಿಸಿ, ಹಳೇ ಹತ್ತಿ ಬಟ್ಟೆಯ ನಡುವೆ ಇಟ್ಟು ಒತ್ತಿ ಒಣಗಿಸಿ. ಮುಯ್ಯಿ ಕವರಿನ ನಾಣ್ಯಕ್ಕಂತೂ ಇಷ್ಟೇ ಸಾಕು, ಕಾಗದದ ಸಮೇತ ನೆನೆಸಿದರೆ ತಾನೇ ಬಿಟ್ಟುಕೊಳ್ಳುತ್ತದೆ. ಕಿತ್ತು ಎಳೆಯಬೇಡಿ.

ಹಿಡಿಯುವಾಗಲೂ ಅಂಚನ್ನೇ ಹಿಡಿಯಿರಿ. ಬೆರಳಿನ ಬೆವರು ಹೊಸ ನಾಣ್ಯದ ಮುಖದ ಮೇಲೆ ಗುರುತು ಉಳಿಸುತ್ತದೆ. ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಂಡೇ ಕೆಲಸ ಮಾಡಿ, ಮೊಸಾಯಿಕ್ ನೆಲದ ಮೇಲೆ ಬಿದ್ದ ನಾಣ್ಯಕ್ಕೆ ಅಂಚಿನಲ್ಲಿ ಪೆಟ್ಟಾಗುವುದು ಖಂಡಿತ.

ಹೆಜ್ಜೆ 6: ಇಡುವ ಜಾಗ

ಕಾರ್ಡ್‌ಬೋರ್ಡಿನ ಎರಡಿಂಚು ಚೌಕದ ಹೋಲ್ಡರ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ನಡುವೆ ಪಾರದರ್ಶಕ ಹಾಳೆಯ ಕಿಟಕಿ ಇರುತ್ತದೆ. ನಾಣ್ಯ ಇಟ್ಟು ಮಡಚಿ ಮೂರು ಬದಿ ಪಿನ್ ಹೊಡೆಯಬೇಕು. ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯವನ್ನು ಗೀರುತ್ತವೆ. ಆಲ್ಬಮ್ ಕೊಳ್ಳುವಾಗ ಪಿವಿಸಿ ಇಲ್ಲದ್ದು ಅಂತ ಕೇಳಿ ಕೊಳ್ಳಿ. ಅಗ್ಗದ ಮೆತ್ತನೆ ಪ್ಲಾಸ್ಟಿಕ್ ಪುಟಗಳು ಕೆಲವು ವರ್ಷಕ್ಕೆ ಬೆವರಿದ ಹಾಗೆ ಜಿಗುಟಾಗಿ, ನಾಣ್ಯದ ಮೇಲೆ ಹಸಿರು ಲೋಳೆ ಕೂರಿಸುತ್ತವೆ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ಗಾಳಿಯಾಡದ ಡಬ್ಬಿಯಲ್ಲಿ ಆಲ್ಬಮ್ ಇಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನುಸಿಗುಳಿಗೆ ಇರುವ ಬೀರುವಿನಲ್ಲಿ ಬೇಡ. ರಬ್ಬರ್ ಬ್ಯಾಂಡಂತೂ ಹಾಕಲೇಬೇಡಿ, ಅದರಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಹೆಜ್ಜೆ 7: ಬರೆದಿಡಿ

ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ. ಇನ್ನೂರು ಪುಟದ ಸಾದಾ ನೋಟ್ ಪುಸ್ತಕ ಸಾಕು. ಪ್ರತಿ ನಾಣ್ಯಕ್ಕೆ ಒಂದು ನಂಬರು ಕೊಟ್ಟು ಅದನ್ನೇ ಹೋಲ್ಡರಿನ ಮೂಲೆಯಲ್ಲೂ ಬರೆಯಿರಿ. ನನ್ನ ಪುಸ್ತಕದ ಒಂದು ದಾಖಲೆ ಹೀಗಿದೆ:

'ನಂ. 46. ಒಂದು ರೂಪಾಯಿ, 1998, ಚುಕ್ಕೆ, ನೋಯ್ಡಾ. ಸ್ಟೀಲ್, 4.81 ಗ್ರಾಂ. ಸಿಂಹದ ಕೇಸರ ಸವೆದಿದೆ, ಅಂಚು ಚೆನ್ನಾಗಿದೆ. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವರು ಕೊಟ್ಟ ಚಿಲ್ಲರೆ. ಮಳೆ ಬರುತ್ತಿತ್ತು. ಅಮ್ಮ ಜತೆಗಿದ್ದರು.'

ಮೊದಲ ಎರಡು ಸಾಲು ಯಾವ ಕ್ಯಾಟಲಾಗಿನಲ್ಲಾದರೂ ಸಿಗಬಹುದು. ಕೊನೆಯ ಮೂರು ಸಾಲು ನಾನು ಬರೆಯದಿದ್ದರೆ ಎಲ್ಲೂ ಇರುತ್ತಿರಲಿಲ್ಲ. ಸವೆತ ನೋಡಲು ಒಂದು ಸುಳಿವು: ಅಶೋಕ ಸ್ತಂಭದ ಸಿಂಹದ ಕೇಸರ, ಎದೆ ಮೊದಲು ಸವೆಯುತ್ತವೆ, ಯಾಕೆಂದರೆ ಅವೇ ಎತ್ತರದ ಭಾಗ. ಅಲ್ಲಿ ಕೂದಲು ಎಳೆ ಎಳೆಯಾಗಿ ಕಂಡರೆ ನಾಣ್ಯ ಒಳ್ಳೇ ಸ್ಥಿತಿಯಲ್ಲಿದೆ. ಅದೇ ನಾಣ್ಯ ಇನ್ನೂ ಚೆನ್ನಾಗಿರುವುದು ಸಿಕ್ಕರೆ ಹಳೆಯದನ್ನು ತೆಗೆದು ಹೊಸದು ಇಡಿ. ಆದರೆ ಕಥೆ ಇರುವ ನಾಣ್ಯ ಸವೆದಿದ್ದರೂ ಬದಲಾಯಿಸಬೇಡಿ.

ಹೆಜ್ಜೆ 8: ಎಲ್ಲಿಂದ ಬರುತ್ತವೆ?

ಬ್ಯಾಂಕಿನಲ್ಲಿ ಚಿಲ್ಲರೆ ಕೇಳಿ. 'ಒಂದು ರೂಪಾಯಿದು ನೂರು ಕೊಡಿ ಸಾರ್' ಅಂದರೆ ಸಂತೋಷವಾಗಿ ಕೊಡುವ ಕ್ಯಾಷಿಯರುಗಳು ಇದ್ದಾರೆ. ಮನೆಗೆ ತಂದು ನೋಡಿ, ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನು ಖರ್ಚು ಮಾಡಿ. ದಿನಸಿ ಅಂಗಡಿಯವರನ್ನು ಪರಿಚಯ ಮಾಡಿಕೊಳ್ಳಿ. ನಮ್ಮ ಬೀದಿಯ ಅಂಗಡಿಯ ಅಕ್ಕ ವಿಚಿತ್ರ ನಾಣ್ಯ ಕಂಡರೆ ಗಲ್ಲಾದ ಮೂಲೆಯಲ್ಲಿ ಎತ್ತಿಟ್ಟು ನನಗೆ ಫೋನ್ ಮಾಡುತ್ತಾರೆ. ಎಷ್ಟೋ ಅಂಗಡಿಗಳಲ್ಲಿ 10 ರೂಪಾಯಿ ನಾಣ್ಯ ತಗೊಳ್ಳುವುದಿಲ್ಲ ಅನ್ನುತ್ತಾರಲ್ಲ, ಅದು ತಪ್ಪು. ಬೇರೆ ಬೇರೆ ಕಾಲದಲ್ಲಿ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸಂಗ್ರಹ ಮಾಡುವವರಿಗೆ ಅದು ಸಿದ್ಧವಾದ ಪಟ್ಟಿ! ಹದಿನಾಲ್ಕನ್ನೂ ಸೇರಿಸಲು ಹೊರಡಿ. ಬೇಡ ಅನ್ನುವ ಅಂಗಡಿಯವರಿಗೂ ಈ ಮಾತನ್ನು ಸಮಾಧಾನದಿಂದ ತಿಳಿಸಿ.

ಚಲಾವಣೆಗೆ ಬಾರದ ದೊಡ್ಡ ಬೆಲೆಯ ಸ್ಮರಣಾರ್ಥ ನಾಣ್ಯಗಳನ್ನು ಸರ್ಕಾರಿ ಟಂಕಸಾಲೆಯ ವೆಬ್‌ಸೈಟಿನಲ್ಲೇ ಕೊಳ್ಳಬಹುದು. ಹಳೆಯವಕ್ಕೆ ನಾಣ್ಯ ಪ್ರದರ್ಶನಗಳಿಗೆ ಹೋಗಿ. ಬೆಂಗಳೂರಿನ ಸಂಡೇ ಬಜಾರಿನಂಥ ಕಡೆ ಹಾಸಿದ ಬಟ್ಟೆಯ ಮೇಲೂ ಹಳೇ ನಾಣ್ಯ ಕಾಣುತ್ತವೆ. ಅಲ್ಲಿ ಮೊದಲ ಕೆಲವು ಸಲ ಸುಮ್ನೆ ನೋಡಿ ಬನ್ನಿ, ಕೊಳ್ಳಬೇಡಿ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಕೊಳ್ಳುವಾಗ ತಕ್ಕಡಿ ಜತೆಗಿರಲಿ. 1835ರಿಂದ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಸವೆದದ್ದು ಅದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಜಾಸ್ತಿ ಇರಬಾರದು. ಮ್ಯಾಗ್ನೆಟ್ಟಿಗೆ ಅಂಟಬಾರದು. 1940ರಿಂದ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರದು ಪೂರ್ತಿ ನಿಕ್ಕಲ್, ಹಿಂಬದಿ ಹುಲಿ, ಅದು ಅಂಟುತ್ತದೆ. 1939ರ ರೂಪಾಯಿ ತುಂಬಾ ಅಪರೂಪ. ಹಾಗಾಗಿ ಫುಟ್‌ಪಾತಿನಲ್ಲಿ ಸಿಕ್ಕ 1939ನ್ನು ನಂಬಬೇಡಿ. 1911ರ ಐದನೇ ಜಾರ್ಜ್ ರೂಪಾಯಿಗೆ ಒಂದು ಕಥೆ ಇದೆ. ರಾಜನ ನಿಲುವಂಗಿಯ ಮೇಲೆ ಕೊರೆದ ಆನೆ ಜನರಿಗೆ ಹಂದಿಯ ಹಾಗೆ ಕಂಡು ಗಲಾಟೆಯಾಯಿತು. ನಾಣ್ಯವನ್ನು ಹಿಂದೆ ತಗೊಂಡು ಮರುವರ್ಷ ಸೊಂಡಿಲು ತಿದ್ದಿ ಹೊರತಂದರು. ಸಂಗ್ರಾಹಕರ ಬಾಯಲ್ಲಿ ಅದು ಈಗಲೂ 'ಪಿಗ್ ರುಪೀ'.

ಹೆಜ್ಜೆ 9: ಮೋಸ ಮತ್ತು ಕಾನೂನು

ನಮ್ಮ ಪರಿಚಯದವರೊಬ್ಬರು ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯದ ಫೋಟೋ ಹಾಕಿ ಮಾರಲು ಹೊರಟರು. ಯಾರೋ ಫೋನ್ ಮಾಡಿ ಲಕ್ಷಗಳ ಲೆಕ್ಕ ಹೇಳಿದರು. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕೊರಿಯರ್. ಹೀಗೆ ಇವರ ಕೈಯಿಂದಲೇ ಸಾವಿರಾರು ರೂಪಾಯಿ ಹೋಯಿತು. ಅದು 2012ರಲ್ಲಿ ಬಂದ ಮಾಮೂಲಿ ನಾಣ್ಯ. ರಿಸರ್ವ್ ಬ್ಯಾಂಕ್ ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯ, ನೋಟಿನ ವ್ಯವಹಾರದಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದಲೇ ಕೇಳಿದರೆ ಅಲ್ಲಿಗೇ ಫೋನ್ ಇಡಿ.

ರಾಮ ಸೀತೆ, ಹನುಮಂತ ಇರುವ 'ಈಸ್ಟ್ ಇಂಡಿಯಾ ಕಂಪನಿ' ನಾಣ್ಯಗಳೂ ಹೀಗೇ. 1616, 1717, 1818 ಅಂತ ಇಸವಿ ಇರುತ್ತದೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಅವು ಈಚೆಗೆ ಮಾಡಿದ ಟೋಕನ್‌ಗಳು. ಅಕ್ಕಿ ಎಳೆಯುತ್ತದೆ, ಶಕ್ತಿ ಇದೆ ಅಂತ ಹೇಳುವ ರೈಸ್ ಪುಲ್ಲಿಂಗ್ ದಂಧೆಯವರು ಇವನ್ನೇ ತೋರಿಸುತ್ತಾರೆ. ದೇವರ ಮನೆಯಲ್ಲಿ ಇದ್ದರೆ ಪೂಜೆ ಮಾಡಿ, ದುಡ್ಡು ಕೊಟ್ಟು ಕೊಳ್ಳಬೇಡಿ.

ಕಾನೂನಿನಲ್ಲಿ ಮೂರು ಮಾತು ನೆನಪಿಡಿ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೇ ನಾಣ್ಯದ ಗಡಿಗೆ ಸಿಕ್ಕರೆ ಅದು ತಾನಾಗಿಯೇ ನಿಮ್ಮದಾಗುವುದಿಲ್ಲ, ನಿಧಿ ಕಾಯಿದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿ ಇಲ್ಲದೆ ಹೊರದೇಶಕ್ಕೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ರೂಪಾಯಿ ಕಳಿಸಬೇಕು ಅನ್ನುವವರು ಇದನ್ನು ಗಮನಿಸಿ. ಚಲಾವಣೆಯ ನಾಣ್ಯ ಕರಗಿಸುವುದು ಅಪರಾಧ.

ಹೆಜ್ಜೆ 10: ಕನ್ನಡ ಅಕ್ಷರದ ನಾಣ್ಯ ನೋಡಿ ಬನ್ನಿ

ಒಂದೆರಡು ವರ್ಷ ಚಿಲ್ಲರೆ ಓದಿದ ಮೇಲೆ ಕಣ್ಣು ಪಳಗಿರುತ್ತದೆ. ಆಗ ಮ್ಯೂಸಿಯಮ್ಮಿಗೆ ಹೋದರೆ ಗಾಜಿನ ಹಿಂದಿನ ನಾಣ್ಯ ಮಾತಾಡುತ್ತದೆ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲೇ ನಾಣ್ಯ ಸಂಗ್ರಹಾಲಯ ಮಾಡಿದ್ದಾರೆ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ನೋಡಿ. ಮುಂಬಯಿಗೆ ಹೋದರೆ ಫೋರ್ಟ್ ಪ್ರದೇಶದ ರಿಸರ್ವ್ ಬ್ಯಾಂಕ್ ಮ್ಯೂಸಿಯಂ ಬಿಡಬೇಡಿ. ತೆರೆದಿರುವ ಸಮಯ ಮುಂಚೆಯೇ ವಿಚಾರಿಸಿಕೊಳ್ಳಿ.

ಟಿಪ್ಪುವಿನ ಕಾಲದ ತಾಮ್ರದ ಪೈಸೆಯಲ್ಲಿ ಆನೆ ನಿಂತಿರುತ್ತದೆ. ಅವನು ತಂದ ಮೌಲೂದಿ ಅನ್ನುವ ಹೊಸ ಪಂಚಾಂಗದ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅದಾದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸು ಬರುತ್ತದೆ. ಮೊದಲು ಆನೆ, ಆಮೇಲೆ ಚಾಮುಂಡಿಯ ಸಿಂಹ. ಇವು ತೀರಾ ದುಬಾರಿಯಲ್ಲ, ನಂಬಿಕಸ್ಥರ ಹತ್ತಿರ ಒಂದು ಕೊಳ್ಳಬಹುದು. ನಾನು ಎರಡು ವರ್ಷ ಕಾದು ಒಂದು ಕೊಂಡೆ. ಅಂಚು ಸೊಟ್ಟ, ಅಚ್ಚು ಒಂದು ಪಕ್ಕಕ್ಕೆ ಸರಿದಿದೆ, ಅರ್ಧ ಅಕ್ಷರ ನಾಣ್ಯದಾಚೆ ಹೋಗಿದೆ. ಕಿಟಕಿ ಪಕ್ಕ ಕೂತು, ಬೆಳಕನ್ನು ಓರೆ ಮಾಡಿಕೊಂಡು ಭೂತಗನ್ನಡಿ ಇಟ್ಟೆ. ಮೊದಲು ಸಾಲು ಸಾಲು ಗೀಟು ಕಂಡಿತು. ಸ್ವಲ್ಪ ವಾಲಿಸಿದಾಗ 'ಕಾ' ಎದ್ದು ಬಂತು. ಅದರ ಪಕ್ಕ 'ಸು'. ಮೇಲೆ ಅರ್ಧ ಸವೆದ 'ಮಯಿಲಿ', ಆ ಕಾಸಿನ ಹೆಸರು. ಮಗಳನ್ನು ಕೂಗಿ ಕರೆದೆ. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿ, ಬೆರಳಿಟ್ಟು, ಶಾಲೆಯಲ್ಲಿ ಓದುವ ಹಾಗೆ ಕೂಡಿಸಿ ಓದಿದಳು: "ಮ, ಯಿ, ಲಿ... ಕಾಸು!"